ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ತೊಟ್ಟಿಲು

ಊರು ನೋಡಬೇಕೆಂದು ಹೊರಡುವವರು ಹಂಪೆಗೆ ಹೋಗುತ್ತಾರೆ, ಬೇಲೂರು ಹಳೇಬೀಡುಗಳಿಗೆ ಹೋಗುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಇದ್ದರೆ ಕಾಶಿ ಕಾಶ್ಮೀರಗಳ ಮಾತನ್ನೂ ಆಡುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯನ್ನು ನೋಡಿ ಬರೋಣವೆಂದು ಹೊರಟವರನ್ನು ನಾನು ಕಂಡಿಲ್ಲ. ಅಲ್ಲಿಗೆ ಹೋಗುವವರು ದುಡಿಯಲು ಹೋಗುತ್ತಾರೆ, ದುಡಿದು ದಣಿದು ಹಿಂದಿರುಗುತ್ತಾರೆ. ಕಳೆದ ತಿಂಗಳು ನಾನು ಅಲ್ಲಿಗೆ ಹೋದದ್ದು ಈ ಎರಡಕ್ಕೂ ಅಲ್ಲ. ಒಂದು ಕೂಸನ್ನು ಕರೆತರುವುದಕ್ಕೆ.

ಕೂಸು ನನ್ನ ತಂಗಿಯದು. ಒಂಬತ್ತು ತಿಂಗಳು ತುಂಬಿ ಹತ್ತಕ್ಕೆ ಬಿದ್ದ ಗಂಡುಮಗು. ತಂಗಿಯೂ ಅವಳ ಯಜಮಾನರೂ ಎಲೆಕ್ಟ್ರಾನಿಕ್ ಸಿಟಿಯ ಎರಡು ಬೇರೆ ಬೇರೆ ಕಚೇರಿಗಳಲ್ಲಿ ಕೆಲಸದಲ್ಲಿದ್ದಾರೆ. ಹೆರಿಗೆಯ ರಜೆ ಮುಗಿದ ಮೇಲೆ, ಮೂರು ತಿಂಗಳಿಂದ, ಮಗು ಹಗಲೆಲ್ಲ ಕಚೇರಿಯ ಸಮೀಪದ ಒಂದು ಶಿಶುವಿಹಾರದಲ್ಲಿ ಇರುತ್ತದೆ. ಈ ಸುದ್ದಿ ಅರಸೀಕೆರೆಯ ಬಳಿಯ ನಮ್ಮ ಊರಿಗೆ ಮುಟ್ಟಿದಂದಿನಿಂದ ನಮ್ಮ ತಾಯಿಗೆ ಅನ್ನ ಸೇರದಾಯಿತು.

"ಅಜ್ಜಿ ಗಟ್ಟಿಯಾಗಿ ಬದುಕಿರುವಾಗ ಮಗುವನ್ನು ಸಂಬಳದವರ ಕೈಗೆ ಕೊಡುವುದೆಂದರೇನು? ನೀನು ಹೋಗಿ ಕರೆದುಕೊಂಡು ಬಾ. ಎರಡು ವರ್ಷ ನಾನು ಸಾಕಿಕೊಡುತ್ತೇನೆ. ಅವರು ನಿಶ್ಚಿಂತೆಯಾಗಿ ದುಡಿಯಲಿ" ಎಂದು ದೂರವಾಣಿಯಲ್ಲಿ ಅಪ್ಪಣೆ ಮಾಡಿದರು.

ನನಗೂ ಅದು ನ್ಯಾಯವೆಂದೇ ತೋರಿತು. ನಾಲ್ಕು ವರ್ಷದವನಾಗುವವರೆಗೆ ನಾನೇ ಅಜ್ಜಿಯ ಮನೆಯಲ್ಲಿ ಬೆಳೆದವನು, ಕೆಟ್ಟೇನೂ ಹೋಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆಗಳು ಮುಗಿದು ಬಿಡುವಾಗಿತ್ತು. ಮಗುವಿನ ಬಟ್ಟೆಬರೆಗೆಂದು ದೊಡ್ಡದೊಂದು ಖಾಲಿ ಚೀಲವನ್ನು ಹಿಡಿದುಕೊಂಡೆ. ಶಾಲೆಗೆ ರಜೆಯಿದ್ದ ನನ್ನ ಏಳು ವರ್ಷದ ಮಗಳು ತಾನೂ ಬರುವುದಾಗಿ ಹಟ ಹಿಡಿದು ಜೊತೆಯಾದಳು.

ಹಿಂದೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದೆಂದರೆ ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ತಪಸ್ಸು ಮಾಡಬೇಕಾಗಿದ್ದಿತು. 2010ರಲ್ಲಿ ಅಲ್ಲಿಂದ ಮುಂದಕ್ಕೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲುರಸ್ತೆ ತೆರೆದ ಮೇಲೆ ವಾಹನವುಳ್ಳವರ ಸಂಕಟ ಕೊಂಚ ತಗ್ಗಿತು. ನಮ್ಮಂಥವರ ಪಾಲಿಗೆ ದಾರಿ ತೆರೆದದ್ದು 2025ರ ಆಗಸ್ಟ್ 10ರಂದು, ಮೆಟ್ರೋ ರೈಲಿನ ಹಳದಿ ಮಾರ್ಗ ಆರಂಭವಾದಾಗ. ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೆ ತುಸು ಹೆಚ್ಚು ದೂರ, 16 ನಿಲ್ದಾಣಗಳು. ಆಕಾಶಮಾರ್ಗದಲ್ಲಿ ಹೋಗುವ ಈ ಬಂಡಿಯ ಕಿಟಕಿಯಿಂದ ಊರೆಲ್ಲ ತಾರಸಿಗಳ ಮೇಲೆ ಒಣಹಾಕಿದ ಬಟ್ಟೆಗಳಾಗಿ ಕಾಣುತ್ತದೆ.

ನಾನೊಬ್ಬನೇ ಆಗಿದ್ದರೆ ಪುಸ್ತಕ ತೆರೆದು ಕುಳಿತು, ಇಳಿಯುವ ನಿಲ್ದಾಣದಲ್ಲಿ ತಲೆಯೆತ್ತುತ್ತಿದ್ದೆ. ಮಗಳು ಬಿಡಬೇಕಲ್ಲ! ಮೊದಲು ಬಂದದ್ದು ರಾಗಿಗುಡ್ಡ. ಹೆಸರೇಕೆ ಹಾಗೆ ಎಂದು ಕೇಳಿದಳು. ರಾಶಿ ಹಾಕಿದ್ದ ರಾಗಿಯೆಲ್ಲ ಕಲ್ಲಾಗಿ ಗುಡ್ಡವಾಯಿತೆಂಬ ಐತಿಹ್ಯವನ್ನು ಹೇಳಿದೆ.

"ಹಾಗಾದರೆ ಆ ಮನೆಯವರು ಅವತ್ತು ಮುದ್ದೆಗೆ ಏನು ಮಾಡಿದರಪ್ಪ?"

ಎದುರು ಕುಳಿತಿದ್ದ ಹಿರಿಯರು ನಕ್ಕುಬಿಟ್ಟರು. ಕನ್ನಡ ಎಂ.ಎ. ಮಾಡಿದ ನನ್ನ ಬಳಿ ಉತ್ತರವಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿಯೊಂದು ನಿಲ್ದಾಣಕ್ಕೂ ಅವಳಿಗೆ ಅರ್ಥ ಬೇಕಾಯಿತು. ಹೊಂಗಸಂದ್ರ, ಸಿಂಗಸಂದ್ರಗಳ 'ಸಂದ್ರ' ಎಂಬುದು 'ಸಮುದ್ರ'ವೇ ಸವೆದು ಉಳಿದ ಮಾತು, ಕೆರೆಯ ಹೆಸರು ಎಂದೆ. ಕಿಟಕಿಗೆ ಮೂಗೊತ್ತಿ ಕೆರೆಯನ್ನು ಹುಡುಕಿದಳು. ನಾನೂ ಹುಡುಕಿದೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಈ ಮಾತಿನ ಹಿಂದೆ ನಿಜವಾದ ನೀರೊಂದು ಇದ್ದಿತೆಂಬುದು ನನಗೆ ಅಂದೇ ಹೊಳೆದದ್ದು. ಮಕ್ಕಳೊಡನೆ ಪ್ರಯಾಣ ಮಾಡುವುದರ ಲಾಭ ಇದು: ನಮ್ಮ ಕಣ್ಣಿಗೆ ಇನ್ನೊಂದು ಜೊತೆ ಕಣ್ಣು ಸೇರಿಕೊಳ್ಳುತ್ತದೆ.

ಬೆರಟೇನ ಅಗ್ರಹಾರ ದಾಟಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆವು. ಅದರ ಮುಂದಿನದು ಕೋನಪ್ಪನ ಅಗ್ರಹಾರ. ಅಗ್ರಹಾರವೆಂದರೆ ವಿದ್ಯಾವಂತರಿಗೆ ದತ್ತಿಯಾಗಿ ಕೊಟ್ಟ ಗ್ರಾಮ. ಆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ, 1978ರಲ್ಲಿ, ಸರಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಕೈಗಾರಿಕೆಗಳಿಗೆಂದೇ ಈ ನಗರವನ್ನು ಕಟ್ಟಲು ತೊಡಗಿತು. ಅದರ ಕನಸು ಕಂಡವರು ಆ ಸಂಸ್ಥೆಯ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರು. ಮುಂದೆ ತಂತ್ರಾಂಶದ ಯುಗ ಬಂದು ಊರು ನೂರ್ಮಡಿ ಬೆಳೆಯಿತು. ಹೊಸ ಕಾಲದ ವಿದ್ಯಾವಂತರಿಗೆ ಹಳೆಯ ಅಗ್ರಹಾರವೇ ಒದಗಿ ಬಂದದ್ದು ಚೋದ್ಯವಲ್ಲವೆ? ಆದರೆ ಹಳೆಯ ಅಗ್ರಹಾರದಲ್ಲಿ ಮನೆಯಿದ್ದಲ್ಲಿಯೇ ಪಾಠವಿತ್ತು, ಜಗುಲಿಯ ಒಳಗೆ ತೊಟ್ಟಿಲಿತ್ತು. ಈ ಊರು ಹುಟ್ಟಿದ್ದು ಕೆಲಸಕ್ಕಾಗಿ. ಸಂಸಾರ ಅದರ ಬೆನ್ನು ಹಿಡಿದು ಆಮೇಲೆ ಬಂತು.

ಮೊದಲನೆಯ ಹಂತದ ಒಳರಸ್ತೆಗಳು ವಿಶಾಲವಾಗಿವೆ; ಮರಗಳ ನೆರಳಿದೆ. ಎತ್ತರದ ಗೇಟುಗಳು, ಗಾಜಿನ ಕಟ್ಟಡಗಳು, ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು ಬಿರಬಿರನೆ ನಡೆಯುವ ತರುಣ ತರುಣಿಯರು. ಚೀಟಿಯಿಲ್ಲದ ಕೊರಳು ನನ್ನದೊಂದೇ ಎಂದು ಸಂಕೋಚವೇ ಆಯಿತು. ನೀಲಾದ್ರಿ ರಸ್ತೆಗೆ ಬಂದರೆ ನೋಟ ಬೇರೆ. ಹೋಟೆಲುಗಳು, ತರಕಾರಿ ಗಾಡಿಗಳು, ಬಾಡಿಗೆ ಕೋಣೆಗಳ ಫಲಕಗಳು, ಹಿಂದೆಲ್ಲ ಮುಗಿಲೆತ್ತರದ ವಸತಿ ಸಮುಚ್ಚಯಗಳು.

ತಂಗಿಯ ಮನೆಯಿರುವ ಸಮುಚ್ಚಯದ ತೋಟದಲ್ಲಿ ಆ ಹೊತ್ತಿನಲ್ಲಿ ಪ್ರಾಯದವರೊಬ್ಬರೂ ಇರಲಿಲ್ಲ. ಇದ್ದವರು ಅಜ್ಜಿಯರು, ಮೊಮ್ಮಕ್ಕಳು. ತಮಿಳು ಅಜ್ಜಿ, ತೆಲುಗು ಅಜ್ಜಿ, ಒಡಿಯಾ ಅಜ್ಜಿ. ಒಬ್ಬರ ಮಾತು ಒಬ್ಬರಿಗೆ ಬರದು. ಒಡಿಯಾ ಅಜ್ಜಿ ಮಗುವಿನ ಬಾಯಿ ತೆರೆದು ಎರಡು ಬೆರಳು ತೋರಿಸಿದರು. ತಮಿಳು ಅಜ್ಜಿ ಹೆಮ್ಮೆಯಿಂದ ನಾಲ್ಕು ಬೆರಳು ತೋರಿಸಿದರು. ಹಲ್ಲಿನ ಲೆಕ್ಕ! ಆರು ತಿಂಗಳು ತಾಯಿಯ ತಾಯಿ, ಆರು ತಿಂಗಳು ತಂದೆಯ ತಾಯಿ ಎಂಬ ಸರದಿಯ ಏರ್ಪಾಡು ಇಲ್ಲಿ ಅನೇಕ ಮನೆಗಳಲ್ಲಿ ಇದೆಯಂತೆ. ನಮ್ಮ ಅಮ್ಮನನ್ನು ತಂಗಿ ಎಷ್ಟೋ ಸಲ ಕರೆದಿದ್ದಳು. ಹಸು, ತೋಟ, ದೇವರ ಪೂಜೆ ಎಂದು ಅಮ್ಮ ಬಂದಿರಲಿಲ್ಲ.

ಭಾವನವರಿಗೆ ಅಂದು ಮನೆಯಿಂದಲೇ ಕೆಲಸ. ನಮಗೆ ಊಟವಿಕ್ಕಿ, "ಐದೂವರೆಗೆ ಮಗುವನ್ನು ಕರೆತರಲು ಹೋಗೋಣ ಭಾವ" ಎಂದು ಹೇಳಿ ಗಣಕಯಂತ್ರದ ಮುಂದೆ ಕುಳಿತರು. ನಾನು ಹೊರಗಿನ ಪಡಸಾಲೆಯಲ್ಲಿ ನಿಂತೆ. ನೆಲ ಸಾರಿಸುತ್ತಿದ್ದ ಹೆಂಗಸು ರಾಯಚೂರು ಸೀಮೆಯವಳು. ಇಬ್ಬರು ಮಕ್ಕಳು. ಚಿಕ್ಕವನು ಹಳೆಯ ಊರಿನ ಓಣಿಯ ಅಂಗನವಾಡಿಗೆ ಹೋಗುತ್ತಾನೆ. ಮಧ್ಯಾಹ್ನದ ಮೇಲೆ ಶಾಲೆಯಿಂದ ಬಂದ ಅಕ್ಕ ನೋಡಿಕೊಳ್ಳುತ್ತಾಳೆ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮಟ್ಟಿಗೆ ತಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ಯೋಜನೆ, ಇಂಥ ಎಷ್ಟು ತಾಯಂದಿರ ಹೊಟ್ಟೆಯ ಕಿಚ್ಚನ್ನು ತಣಿಸಿದೆಯೋ!

"ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಡಬಹುದಿತ್ತಲ್ಲಮ್ಮ?" ಎಂದು ಕೇಳಿದೆ. ಬಂದ ಕೆಲಸಕ್ಕೆ ಒಂದು ಸಾಕ್ಷಿ ಸಿಕ್ಕೀತೆಂಬ ಆಸೆ.

"ದೊಡ್ಡಾಕೀನ್ನ ಬಿಟ್ಟಿದ್ದೆ ಸರ. ಮೂರು ವರ್ಷ ಆದ ಮ್ಯಾಲೆ ಹೋದರ ನನ್ನ ಕಡೆ ಬರಲೇ ಇಲ್ಲ. ಅವ್ವ ಅಂದ್ರ ಅಕಿಗೆ ಅವರಜ್ಜೀನೇ. ನಾನು ಯಾರೋ ಬಂದಾಕಿ. ಹಿಂಗಾಗಿ ಇವನ್ನ ಕಳಿಸಲಿಲ್ಲ ನೋಡ್ರಿ" ಎಂದು ಬಕೆಟ್ಟನ್ನೆತ್ತಿಕೊಂಡು ಮುಂದೆ ಹೋದಳು. ನನ್ನ ಚೀಲ ಬಾಗಿಲ ಬಳಿ ಬಾಯಿ ತೆರೆದು ಬಿದ್ದಿತ್ತು. ಅದನ್ನು ಮಡಿಸಿ ಒಳಗಿಟ್ಟೆ.

ಶಿಶುವಿಹಾರಕ್ಕೆ ನಡೆದೇ ಹೋದೆವು. 1961ರ ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ 12 ವಾರವಿದ್ದ ರಜೆಯನ್ನು 26 ವಾರಕ್ಕೆ ಏರಿಸಿದರು. 50 ಮತ್ತು ಅದಕ್ಕೂ ಹೆಚ್ಚು ಮಂದಿ ದುಡಿಯುವ ಕಡೆ ಶಿಶುವಿಹಾರದ ಅನುಕೂಲ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದು ವಿಧಿಸಿದರು. ತಂದೆಯ ರಜೆಯ ಮಾತು ಆ ತಿದ್ದುಪಡಿಯಲ್ಲಿ ಇರಲಿಲ್ಲ. ದಾರಿಯಲ್ಲಿ ಭಾವನವರು ಇದನ್ನೆಲ್ಲ ವಿವರಿಸಿ, "ಅವಳು ಹೋಗುವುದೇನೋ ಎರಡು ಸಲ. ಸಭೆಗಳಿದ್ದರೆ ಅದೂ ಇಲ್ಲ" ಎಂದರು.

ಸಂಬಳದವರ ಕೈ ಎಂದು ಅಮ್ಮ ಹೇಳಿದ ಕೈಯನ್ನು ಅಲ್ಲಿ ಕಂಡೆ. ನಡುವಯಸ್ಸಿನ ಆಯಾ ಒಬ್ಬರು ನಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಅದು ಅವರ ಸೆರಗಿನ ತುದಿಯನ್ನು ಚೀಪುತ್ತಿದ್ದಿತು. ಜೊತೆಗೊಂದು ಪುಟ್ಟ ಪುಸ್ತಕ: ಎಷ್ಟು ಗಂಟೆಗೆ ನಿದ್ದೆ, ಏನು ಊಟ, ಎಷ್ಟು ಸಲ ಬಟ್ಟೆ ಬದಲಾಯಿಸಿದ್ದು. ಭಾವನವರು ಅದನ್ನು ಓದುತ್ತ ಓದುತ್ತ ಸುಮ್ಮನಾದರು. ನಾನು ಇಣುಕಿ ನೋಡಿದೆ. "3.40. ಕುರ್ಚಿ ಹಿಡಿದು ತಾನೇ ಎದ್ದು ನಿಂತ" ಎಂದು ಬರೆದಿತ್ತು.

ಆ ವೇಳೆಗೆ ತಂಗಿಯೂ ಕಚೇರಿಯಿಂದ ಓಡೋಡಿ ಬಂದಳು. ಭಾವನವರು ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ಓದಿದಳು. "ಯಾವ ಕುರ್ಚಿ?" ಎಂದು ಕೇಳಿದಳು. ಒಳಗೆ ಹೋಗಿ ಆ ಪುಟ್ಟ ಕೆಂಪು ಕುರ್ಚಿಯನ್ನು ಮುಟ್ಟಿ ನೋಡಿ ಬಂದಳು.

"ನಾನು ಬರೆಯಬಾರದಿತ್ತೇನೋ ಅಮ್ಮ" ಎಂದರು ಆಯಾ.

"ಇಲ್ಲ, ಬರೆಯಿರಿ. ಎಲ್ಲವನ್ನೂ ಬರೆಯಿರಿ" ಎಂದಳು ತಂಗಿ. ಅವಳ ಕಣ್ಣು ತುಂಬಿದ್ದಿತು.

ನನಗೆ ಏಳು ವರ್ಷಗಳ ಹಿಂದಿನ ಬಾಡಿಗೆ ಮನೆ ನೆನಪಾಗಿರಬೇಕು. ಅಲ್ಲ, ಆರು ವರ್ಷಗಳ ಹಿಂದಿನದು. ನನ್ನ ಮಗಳು ಮೊದಲ ಹೆಜ್ಜೆ ಇಟ್ಟಾಗ ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮನೆಯಾಕೆ ಕೂಗಿ ಕರೆದಳು. "ಬಂದೆ" ಎಂದೆ. ಆ ಪತ್ರಿಕೆಯ ಅಂಕಗಳನ್ನು ಕೂಡಿ ಬರೆದು ಎದ್ದುಹೋಗುವಷ್ಟರಲ್ಲಿ ಮಗು ಕುಳಿತುಬಿಟ್ಟಿತ್ತು. ಆರು ಮೈಲಿ ದೂರದ ಕಚೇರಿಯಲ್ಲಿ ಅಲ್ಲ, ಆರು ಅಡಿಯ ಅಂತರದಲ್ಲಿ ನಾನು ಅದನ್ನು ಕಳೆದುಕೊಂಡೆ. ಇದುವರೆಗೆ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಮನೆಗೆ ಬಂದ ಮೇಲೆ ನಡೆದದ್ದೆಲ್ಲ ಎಲ್ಲ ಮನೆಗಳಲ್ಲಿ ನಡೆಯುವುದೇ. ಭಾವನವರು ರಾಗಿ ಸರಿ ಕಾಯಿಸಿದರು. ನಮ್ಮ ತಂದೆಯವರ ಕಾಲದಲ್ಲಿ ಗಂಡಸರು ಆ ಪಾತ್ರೆ ಎಲ್ಲಿದೆಯೆಂದೂ ಅರಿಯರು. ಮಗು ಬಟ್ಟಲಿಗೆ ಕೈಯದ್ದಿ ಆ ಕೈಯನ್ನು ತಂದೆಯ ಕನ್ನಡಕಕ್ಕೆ ಒರೆಸಿತು. ಬಿಸಿನೀರು, ಒರೆಸುವ ಬಟ್ಟೆ, ಅಳು, ನಗು. ಇದರ ನಡುವೆ ಎರಡು ಸಲ ಕಚೇರಿಯ ಕರೆ. ತಂಗಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಗು ಮಲಗಿದ ಮೇಲೆ ಮತ್ತೆ ಕೆಲಸಕ್ಕೆ ಕೂರಬೇಕಂತೆ.

ಇದೇ ಸಮಯವೆಂದು ಅಮ್ಮನ ಮಾತನ್ನು ಮುಂದಿಟ್ಟೆ. ತಂಗಿ ಬೇಸರಪಡಲಿಲ್ಲ.

"ಅಮ್ಮನ ಹತ್ತಿರ ಇವನು ಇನ್ನೂ ಚೆನ್ನಾಗಿ ಬೆಳೆಯುತ್ತಾನೆ ಅಣ್ಣ, ನನಗೆ ಗೊತ್ತು. ಆದರೆ ನನಗೆ ಇವನು ಸಿಗುವುದು ದಿನಕ್ಕೆ ಮೂರು ಗಂಟೆ. ಸುಸ್ತಾಗಿರುತ್ತೇನೆ, ರೇಗುತ್ತೇನೆ, ಆದರೂ ಬೆಳಗಿನಿಂದ ಆ ಮೂರು ಗಂಟೆಗೆ ಕಾದಿರುತ್ತೇನೆ. ಅದನ್ನೂ ಕೊಟ್ಟುಬಿಟ್ಟರೆ ನನಗೆ ಉಳಿಯುವುದು ಸಂಬಳ ಮಾತ್ರ."

ನಾನು ಮರುಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಕಾಲಿನ ಹತ್ತಿರ ಏನೋ ಎಳೆದಂತಾಯಿತು. ನೋಡುತ್ತೇನೆ, ಮಗು ನನ್ನ ಮೊಣಕಾಲನ್ನು ಎರಡು ಕೈಯಿಂದ ಹಿಡಿದು, ಹಿಂಬದಿಯನ್ನು ಅತ್ತಿತ್ತ ತೂಗುತ್ತ ಮೇಲೆದ್ದು ನಿಂತಿದೆ! ನಾನು ಉಸಿರು ಬಿಡಲಿಲ್ಲ. ಭಾವನವರು ಸೌಟು ಹಿಡಿದು ಅಲ್ಲೇ ನಿಂತರು. ದೂರವಾಣಿ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. "ಅತ್ತೆ, ನಿಂತ! ನಿಂತ!" ಎಂದು ನನ್ನ ಮಗಳು ಕೂಗಿದ್ದೇ ತಡ, ಬೆಚ್ಚಿ ದೊಪ್ಪನೆ ಕುಳಿತು, ಅಳಬೇಕೋ ನಗಬೇಕೋ ಎಂದು ನಮ್ಮೆಲ್ಲರ ಮುಖ ನೋಡಿ, ನಗುವುದೆಂದು ತೀರ್ಮಾನಿಸಿತು. ಆರು ವರ್ಷಗಳ ಹಿಂದೆ ನಾನು ಕಳೆದುಕೊಂಡದ್ದು ಅಷ್ಟಿಷ್ಟಾದರೂ ನನಗೆ ಹಿಂದಿರುಗಿ ಬಂತು.

ಮಕ್ಕಳಿಂದ ಬರುವ ಫಲವೆಂದರೆ ನಾವು ಮುಪ್ಪಿನ ಊರುಗೋಲನ್ನು ಹೇಳುತ್ತೇವೆ, ವಂಶದ ಹೆಸರನ್ನು ಹೇಳುತ್ತೇವೆ. ಅದೆಲ್ಲ ಬಂದರೂ ಬಂದೀತು, ಬಾರದೆಯೂ ಹೋದೀತು. 1931ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ 'ಗರತಿಯ ಹಾಡು' ಸಂಗ್ರಹವನ್ನು ನಾನು ಪಾಠ ಹೇಳುವುದುಂಟು. ಬೀಸುತ್ತ ಕುಟ್ಟುತ್ತ ಹಾಡಿದ ಆ ತಾಯಂದಿರಿಗೆ ನಮ್ಮ ತಂಗಿಗಿಂತ ಹೆಚ್ಚು ಬಿಡುವೇನೂ ಇರಲಿಲ್ಲ. ಆದರೂ ಅವರು ಹಾಡಿಕೊಂಡದ್ದು ಹೆಚ್ಚಾಗಿ ಕೂಸಿನ ಅಳುವನ್ನು, ಆಟವನ್ನು, ಹಟವನ್ನು; ಅದು ಮುಂದೆ ಗಳಿಸಿ ತರುವುದನ್ನಲ್ಲ. ದುಡಿಮೆಯೊಳಗೇ ಕೂಲಿ ಸಂದಾಯವಾಗುವ ಕೆಲಸ ಇದೊಂದೇ ಇರಬೇಕು. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೆ ಕೂಲಿಯೂ ಅವರಿಗೇ ಸಲ್ಲುತ್ತದೆ. ಮಗು ನಿಂತ ಸುಖದಲ್ಲಿ ಒಂದು ಪಾಲು ಆ ಆಯಾಗೆ ಸಂದದ್ದು ಹಾಗೆಯೇ. ಅದು ನ್ಯಾಯವೇ. ನಮ್ಮ ಭಾಷೆಯಲ್ಲಿ 'ಸಾಕು' ಎಂದರೆ ಪೋಷಿಸು ಎಂದೂ ಅರ್ಥ, ಇಷ್ಟೇ ಸಾಕು ಎಂದೂ ಅರ್ಥ. ಸಾಕಿ ಸಾಕಿ ಸಾಕಾಯಿತು ಎನ್ನದ ತಾಯಿಯಿಲ್ಲ. ಹಾಗೆಂದು ಮಗುವನ್ನು ಕೆಳಗಿಳಿಸಿ ಮರುಗಳಿಗೆಯಲ್ಲಿ ಎತ್ತಿಕೊಳ್ಳದ ತಾಯಿಯೂ ಇಲ್ಲ.

ರಾತ್ರಿ ಅಮ್ಮನಿಗೆ ದೂರವಾಣಿ ಮಾಡಿ, ಮಗುವನ್ನು ಕರೆತರುವುದಿಲ್ಲವೆಂದು ಹೇಳಿದೆ. ಅತ್ತ ಕಡೆ ಮೌನ. ಮಗು ಎದ್ದು ನಿಂತ ಕಥೆಯನ್ನು ಹೇಳಿದೆ. ಮತ್ತೂ ಮೌನ. ಆಮೇಲೆ, "ಯಾವ ಕೈ ಊರಿ ಎದ್ದ?" ಎಂದು ಕೇಳಿದರು. ನಾನು ಗಮನಿಸಿರಲಿಲ್ಲ. "ಇಷ್ಟು ಓದಿ ಅಷ್ಟೂ ನೋಡಲಿಲ್ಲವೇನೋ" ಎಂದು ಬೈದರು.

ಬೆಳಿಗ್ಗೆ ಹೊರಟಾಗ ತಂಗಿ ನನ್ನ ಖಾಲಿ ಚೀಲದಲ್ಲಿ ಅಂಗೈಯಗಲದ ಒಂದು ಅಂಗಿಯನ್ನು ಇಟ್ಟಳು. ಮಗುವಿಗೆ ಚಿಕ್ಕದಾದದ್ದು, ಅಮ್ಮ ನೋಡಲಿ ಎಂದು. ರೈಲಿನಲ್ಲಿ ಮಗಳು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೆರೆಗಳನ್ನು ಹುಡುಕತೊಡಗಿದಳು. ನಾನು ಪುಸ್ತಕ ತೆರೆಯಲಿಲ್ಲ. ಸಿಂಗಸಂದ್ರ ದಾಟುವಾಗ ಊರಿನಿಂದ ಕರೆ ಬಂತು.

"ಹಸುವನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿದ್ದೇನೆ. ಎರಡು ತಿಂಗಳ ಮಟ್ಟಿಗೆ ಮಾತ್ರ" ಎಂದರು ಅಮ್ಮ. "ಅದು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಸರಿಯಾಗಿ ಹೇಳು."