ಹಮ್ಮಿಗಿಯಿಂದ ಬೆಟಗೇರಿಯ ನಳದವರೆಗೆ

ಏಪ್ರಿಲ್ ತಿಂಗಳ ಕೊನೆಯ ವಾರ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ಬಳಿ ನೀವು ನಿಂತಿದ್ದೀರಿ. ಹೊತ್ತು ಮೂಡಿ ತಾಸಾಗಿಲ್ಲ, ಆಗಲೇ ಬಿಸಿಲು ಬೆನ್ನಿಗೆ ಚುರುಗುಟ್ಟುತ್ತಿದೆ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಹರಿಯುವ ತುಂಗಭದ್ರೆ ಈಗ ಗೇಟುಗಳ ಹಿಂದೆ ಹಸಿರುಗಟ್ಟಿ ನಿಂತಿದ್ದಾಳೆ. ಆಚೆ ದಡ ಹೂವಿನಹಡಗಲಿ ತಾಲ್ಲೂಕಿನದು. ಎರಡೂ ದಡದಲ್ಲಿ ನೀರು ಇಳಿದ ಗುರುತು ಗೆರೆಗೆರೆಯಾಗಿ ಕಾಣುತ್ತದೆ. ಒಂದೊಂದು ಗೆರೆಯೂ ಒಂದಿಷ್ಟು ದಿನದ ಲೆಕ್ಕ. ಗೆರೆ ಕೆಳಗಿಳಿದಷ್ಟೂ ಗದಗಿನಲ್ಲಿ ಜನ ಖಾಲಿ ಬ್ಯಾರಲ್ ಎಣಿಸತೊಡಗುತ್ತಾರೆ.

ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣೂ ಭದ್ರೆಯ ಮೇಲೆ. ಬೇಸಿಗೆ ಬಿಗಿಯಾದಾಗ ಭದ್ರಾ ಜಲಾಶಯದಿಂದ ಕುಡಿಯುವ ನೀರಿಗೆಂದೇ ನದಿಗೆ ನೀರು ಬಿಡುತ್ತಾರೆ. ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೊನ್ನಾಳಿ, ಹರಿಹರ ದಾಟಿ, ಹಾವೇರಿ ಜಿಲ್ಲೆಯ ಅಂಚನ್ನು ಹಾದು ಆ ನೀರು ಇಲ್ಲಿಗೆ ಬರಬೇಕು. ಬಿಸಿಲಿಗೆ ಆರುವುದು ಒಂದಿಷ್ಟು, ಒಣಗಿದ ಮರಳು ಹೀರುವುದು ಒಂದಿಷ್ಟು. ದಾರಿಯುದ್ದಕ್ಕೂ ಪಂಪ್‌ಸೆಟ್‌ಗಳಿವೆ; ನೀರು ತಲುಪಲೆಂದು ನದಿ ದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ತೆಗೆಯುವುದೂ ಉಂಟು. ಪೈರು ಒಣಗುತ್ತಿರುವ ರೈತನಿಗೆ ಅದು ಸಂಕಟದ ಮಾತೇ. ನಿಮ್ಮ ಮನೆಯ ನಳದಲ್ಲಿ ಬರುವ ಒಂದು ಕೊಡ ನೀರಿನಲ್ಲಿ ಯಾರದೋ ಹೊಲದ ಪಾಲೂ ಇದೆ ಎಂಬುದು ಈ ದಂಡೆಯ ಮೇಲೆ ನಿಂತಾಗ ಚೆನ್ನಾಗಿ ತಿಳಿಯುತ್ತದೆ.

ಪಂಪ್‌ಹೌಸಿನ ಬಾಗಿಲಿಗೆ ಬನ್ನಿ. ಒಳಗೆ ಮೋಟಾರುಗಳ ಸದ್ದು ಎಷ್ಟೆಂದರೆ, ಪಕ್ಕದಲ್ಲಿದ್ದವರ ಮಾತು ಕೇಳಬೇಕಾದರೆ ಕಿವಿಯನ್ನು ಬಾಯಿಯ ಹತ್ತಿರ ತರಬೇಕು. ಕಾಲ ಕೆಳಗಿನ ಸಿಮೆಂಟು ನೆಲ ಸಣ್ಣಗೆ ನಡುಗುತ್ತಿದೆ. ಇಲ್ಲಿಂದ ಗದಗ–ಬೆಟಗೇರಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದಾರಿ, ನೂರು ಮೀಟರಿಗೂ ಹೆಚ್ಚು ಏರು. ಹೊಳೆ ಕೆಳಗಿದೆ, ಊರು ಮೇಲಿದೆ. ಪ್ರತಿ ಹನಿಯನ್ನೂ ಕರೆಂಟೇ ಎತ್ತಬೇಕು. ಕರೆಂಟ್ ಅರ್ಧ ತಾಸು ಹೋದರೆ ಊರಿಗೆ ಅರ್ಧ ತಾಸಿನ ನೀರಷ್ಟೇ ಖೋತಾ ಆಗುವುದಿಲ್ಲ. ಕೊಳವೆಯಲ್ಲಿದ್ದ ನೀರಿನ ಓಟ ನಿಲ್ಲುತ್ತದೆ, ಒತ್ತಡ ಬೀಳುತ್ತದೆ, ಮೋಟಾರನ್ನು ಮತ್ತೆ ನಿಧಾನವಾಗಿ ಚಾಲೂ ಮಾಡಬೇಕು, ಇಷ್ಟುದ್ದದ ಕೊಳವೆ ಮತ್ತೆ ತುಂಬಿ ಬರಬೇಕು. ಅವಸರ ಮಾಡಿದರೆ ನೀರಿನ ಹೊಡೆತಕ್ಕೆ ಜಾಯಿಂಟ್ ಕಿತ್ತು ಬರುತ್ತದೆ. ಆಗ ಹೊಲದ ನಡುವೆ ಕಾರಂಜಿ, ಊರಿನಲ್ಲಿ ಒಣ ನಳ.

ಮುಂಡರಗಿ ದಾಟಿ ಡಂಬಳದ ರಸ್ತೆಯಲ್ಲಿ ಸಾಗುತ್ತಿದ್ದಂತೆ ಎಡಕ್ಕೆ ಕಪ್ಪತಗುಡ್ಡ, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ನೀರು ಸಾಗುವ ದೊಡ್ಡ ಕೊಳವೆಗಳು ನೆಲದಡಿಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಇಂಥ ಕೊಳವೆಯ ಇರವು ಗೊತ್ತಾಗುವುದು ಏರಿನ ಮೇಲಿರುವ ಏರ್ ವಾಲ್ವ್‌ಗಳಿಂದ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಲೆಂದು ಇಟ್ಟವು ಅವು. ಅವುಗಳ ಬುಡದಲ್ಲಿ ನೀರು ಜಿನುಗಿ ಸಣ್ಣ ಗುಂಡಿಯಾಗಿರುತ್ತದೆ. ಕುರಿಗಾಹಿ ಅಲ್ಲಿ ಕುರಿಗಳಿಗೆ ನೀರು ಕುಡಿಸುತ್ತಾನೆ, ಒಬ್ಬಾಕೆ ಚರಿಗೆಯಲ್ಲಿ ಮೊಗೆದು ಕೊಡ ತುಂಬುತ್ತಾಳೆ. ಸೋರಿಕೆ ಎಂದು ಕಡತದಲ್ಲಿ ಬರೆಯುವುದು ಸುಲಭ. ಹಾದಿಯ ಹಳ್ಳಿಗಳಿಗೂ ಬಾಯಾರಿಕೆ ಇದೆ ಎಂಬುದನ್ನು ಯೋಜನೆ ಮಾಡುವಾಗಲೇ ನೆನೆಯಬೇಕಿತ್ತು.

ಶುದ್ಧೀಕರಣ ಘಟಕದಲ್ಲಿ ಹೊಳೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಧುಮುಕಿ ಗಾಳಿ ಕುಡಿಯುತ್ತದೆ. ಅಲ್ಲಿ ಪಟಿಕದ ದ್ರಾವಣ ಸೇರುತ್ತದೆ. ರಾಡಿ ಹತ್ತಿಯ ಎಳೆಯಂತೆ ಗಂಟುಗಟ್ಟಿ ದೊಡ್ಡ ದುಂಡನೆಯ ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಮರಳಿನ ಹಾಸಿನ ಮೂಲಕ ಸೋಸಿ ಹೋಗುತ್ತದೆ. ಕೊನೆಗೆ ಕ್ಲೋರಿನ್. ಆಪರೇಟರು ಗಾಜಿನ ಸಣ್ಣ ನಳಿಕೆಯಲ್ಲಿ ನೀರು ಹಿಡಿದು, ಬಾಟಲಿಯಿಂದ ಕೆಲವೇ ಹನಿ ಕ್ಲೋರಿನ್ ಪರೀಕ್ಷೆಯ ಓಟಿ ದ್ರಾವಣ ಹಾಕಿ ಬೆಳಕಿಗೆ ಹಿಡಿಯುತ್ತಾರೆ. ನೀರು ಹಳದಿಗೆ ತಿರುಗುತ್ತದೆ. ಪಕ್ಕದ ಪಟ್ಟಿಯ ಹಳದಿಗಳೊಂದಿಗೆ ಹೋಲಿಸಿ ನೋಡುತ್ತಾರೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಬಳಕೆದಾರನ ನಳದವರೆಗೂ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಇಲ್ಲಿ ಹಳದಿ ಚೆನ್ನಾಗಿಯೇ ಇದೆ. ಪ್ರಶ್ನೆ ಇರುವುದು ಇಲ್ಲಿಂದ ಮುಂದಿನ ದಾರಿಯಲ್ಲಿ.

2011ರ ಜನಗಣತಿಯಲ್ಲಿ ಗದಗ–ಬೆಟಗೇರಿಯ ಜನಸಂಖ್ಯೆ ಸುಮಾರು 1.72 ಲಕ್ಷ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆ ಹಿಡಿದರೂ ದಿನಕ್ಕೆ ಸುಮಾರು 2 ಕೋಟಿ 30 ಲಕ್ಷ ಲೀಟರ್ ಬೇಕು. ಆದರೆ ಬೇಸಿಗೆಯಲ್ಲಿ ಹತ್ತು–ಹದಿನೈದು ದಿನಕ್ಕೊಮ್ಮೆ ನೀರು ಬರುವುದು ಈ ಅವಳಿ ಊರಿಗೆ ವರ್ಷಗಳಿಂದ ರೂಢಿಯಾಗಿಬಿಟ್ಟಿದೆ. ಹೊಳೆಯಲ್ಲಿ ನೀರಿದ್ದಾಗಲೂ ಓಣಿಗೆ ಬಾರದಿರಲು ಕಾರಣಗಳು ಬಂದ ದಾರಿಯಲ್ಲೇ ಇವೆ: ನಿಂತ ಮೋಟಾರು, ಒಡೆದ ಕೊಳವೆ, ಸಾಲದ ಮೇಲ್ಮಟ್ಟದ ಟ್ಯಾಂಕು, ಊರೊಳಗಿನ ಹಳೆಯ ಪೈಪುಗಳ ಜಾಲ.

ರಾತ್ರಿಯಾಯಿತು. ವಾಲ್ವ್‌ಮನ್ ಹಿಂದೆ ಹೆಜ್ಜೆ ಹಾಕಿ. ಅವನ ಬೈಕಿಗೆ ಕಟ್ಟಿದ ಟಿ ಆಕಾರದ ಕಬ್ಬಿಣದ ಚಾವಿ ಎದೆಮಟ್ಟದಷ್ಟು ಉದ್ದವಿದೆ. ರಸ್ತೆ ಮಧ್ಯದ ಗುಂಡಿಯ ಮುಚ್ಚಳ ಎತ್ತಿ, ಚಾವಿ ಇಳಿಸಿ, ಎರಡೂ ಕೈಯಿಂದ ತಿರುವುತ್ತಾನೆ. ಬಾಯಲ್ಲಿ ಸುತ್ತುಗಳ ಲೆಕ್ಕ. ಯಾವ ವಾಲ್ವಿಗೆ ಎಷ್ಟು ಸುತ್ತು, ಯಾವುದು ಬಿಗಿ, ಯಾವುದನ್ನು ಪೂರ್ತಿ ತೆಗೆದರೆ ಕೆಳಗಿನ ಓಣಿಗಷ್ಟೇ ನೀರು ಹೋಗಿ ಮೇಲಿನ ಓಣಿ ಒಣಗುತ್ತದೆ, ಎಲ್ಲ ಅವನ ತಲೆಯಲ್ಲಿದೆ. ಊರಿನ ಕೊಳವೆಗಳ ನಕ್ಷೆ ಕಚೇರಿಯ ಗೋಡೆಗಿಂತ ಹೆಚ್ಚಾಗಿ ಇವನ ತೋಳಿನಲ್ಲಿದೆ. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇದೆ. "ಅಣ್ಣಾರ, ನಮ್ಮ ಓಣಿಗೆ ಇವತ್ತರ ಬಿಡ್ತೀರೇನ್ರಿ?" ಅವನ ಉತ್ತರ ಒಂದೇ: "ಎರಡರ ಮ್ಯಾಗ ಬರ್ತೈತ್ರಿ ಅಕ್ಕಾರ, ಎಚ್ಚರಿರ್ರಿ."

ಬೆಟಗೇರಿಯ ನೇಕಾರರ ಓಣಿ. ಮಗ್ಗಗಳು ಸುಮ್ಮನಾಗಿ ಹೊತ್ತಾಗಿದೆ, ಮನೆಗಳ ದೀಪ ಮಾತ್ರ ಆರಿಲ್ಲ. ಬಾಗಿಲ ಮುಂದೆ ನೀಲಿ ಬ್ಯಾರಲ್‌ಗಳು, ಸ್ಟೀಲಿನ ಕೊಡಗಳು, ಪ್ಲಾಸ್ಟಿಕ್ ಬಕೆಟ್‌ಗಳು ಸಾಲಾಗಿವೆ. ಮೊದಲು ನಳದಿಂದ ಗಾಳಿ ಬುಸುಗುಡುತ್ತದೆ. ಆಮೇಲೆ ಕೆಮ್ಮಿದಂತೆ ಎರಡು ಸಲ ಉಗುಳುತ್ತದೆ. "ನಳಾ ಬಂತ್ರೀ!" ಎಂಬ ಕೂಗು ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತದೆ. ನಿದ್ದೆಗಣ್ಣಿನ ಹುಡುಗಿ ಪೈಪು ಹಿಡಿದು ಓಡುತ್ತಾಳೆ. ಅಜ್ಜಿ ಮೊದಲ ನಾಲ್ಕು ಕೊಡ ನೀರನ್ನು ಬಚ್ಚಲಿಗೆ ಸುರುವಿಸುತ್ತಾಳೆ: "ಅದ ಕುಡ್ಯಾಕ ಬರೂದುಲ್ಲವ್ವಾ, ಹೊಲಸ ಐತಿ." ಆ ಮನೆಯಲ್ಲಿ ನೆಲಟಾಕಿ ಇದೆ. ಎದುರಿನ ಬಾಡಿಗೆ ಮನೆಯಲ್ಲಿ ಇರುವುದು ಎರಡು ಬ್ಯಾರಲ್. ಹತ್ತು ದಿನದ ನೀರನ್ನು ಎಲ್ಲಿ ತುಂಬಿಡಬೇಕು ಅವರು? ದುಡ್ಡಿದ್ದವರಿಗೆ ಟಾಕಿ, ಮೋಟಾರು. ಇಲ್ಲದವರಿಗೆ ನಿದ್ದೆಗೆಟ್ಟ ರಾತ್ರಿ.

ಅಜ್ಜಿಯ ಮಾತಿಗೆ ವಿಜ್ಞಾನದ ಸಾಕ್ಷಿ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಪೈಪುಗಳನ್ನು ಪೂರ್ತಿ ಬದಲಿಸಿ, ಮೀಟರ್ ಕೂರಿಸಿ, ದಿನದ 24 ತಾಸೂ ನೀರು ಕೊಡತೊಡಗಿದರು. ಉಳಿದ ವಾರ್ಡುಗಳಿಗೆ ಹಳೆಯ ಪದ್ಧತಿಯಂತೆ ಕೆಲವು ದಿನಕ್ಕೊಮ್ಮೆ ನೀರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಶೇ 32ರಷ್ಟರಲ್ಲಿ ಇ. ಕೋಲಿ ಇತ್ತು, ಸದಾ ಹರಿಯುವ ನೀರಿನಲ್ಲಿ ಅದು ಶೇ 1ಕ್ಕಿಂತಲೂ ಕಡಿಮೆ. ಕಾರಣ ಸರಳ. ನೀರು ನಿಂತಾಗ ಕೊಳವೆಯೊಳಗೆ ಒತ್ತಡ ಬೀಳುತ್ತದೆ. ಬಿರುಕಿನ ಪಕ್ಕದಲ್ಲಿ ಗಟಾರವಿದ್ದರೆ ಅದರ ನೀರು ಒಳಕ್ಕೆ ಇಳಿಯುತ್ತದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚಿದರಂತೂ ಅದು ಇನ್ನಷ್ಟು ಎಳೆದುಕೊಳ್ಳುತ್ತದೆ. ಘಟಕದಲ್ಲಿ ಹಳದಿ ತೋರಿಸಿದ ನೀರು ಓಣಿಗೆ ಬರುವಷ್ಟರಲ್ಲಿ ರೋಗ ಹೊತ್ತು ಬರಬಹುದು.

ಈಗ ಇದೇ ಓಣಿಯಲ್ಲಿ ಚುನಾವಣೆಯ ಹೊತ್ತಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಗದಗ–ಬೆಟಗೇರಿ ನಗರಸಭೆಯ 35 ವಾರ್ಡುಗಳಿಗೆ ಕಳೆದ ಸಲ ಮತದಾನ ನಡೆದದ್ದು 2021ರ ಡಿಸೆಂಬರ್ 27ರಂದು, ಎಣಿಕೆ 30ರಂದು. ವಾರ್ಡ್ ಚುನಾವಣೆಯ ಸೊಗಸೆಂದರೆ ಅಭ್ಯರ್ಥಿ ಹೆಲಿಕಾಪ್ಟರಿನಲ್ಲಿ ಬರುವುದಿಲ್ಲ. ಬಾಗಿಲಿಗೆ ನಡೆದು ಬಂದು "ಕಾಕಾ, ಈ ಸಲ ನನಗ ನೋಡ್ರಿ" ಎಂದು ಕೈಮುಗಿಯುತ್ತಾನೆ. ಆಟೊ ಮೇಲಿನ ಧ್ವನಿವರ್ಧಕ ಚಿಹ್ನೆಯ ಹೆಸರು ಕೂಗುತ್ತ ತಿರುವಿನಲ್ಲಿ ಮರೆಯಾಗುತ್ತದೆ. ಬೀದಿಗೊಂದು ಬೋರ್‌ವೆಲ್, ಓಣಿಗೊಂದು ಸಿಂಟೆಕ್ಸ್ ಟ್ಯಾಂಕ್, ಬೇಕೆಂದಾಗ ಟ್ಯಾಂಕರ್: ಭರವಸೆಗಳು ಇವೇ. ಒಬ್ಬಾಕೆ ಮಾತ್ರ ಬಾಗಿಲಿಗೆ ಒರಗಿ ಕೇಳುತ್ತಾಳೆ: "ಟ್ಯಾಂಕರ್ ಬ್ಯಾಡ್ರಿ ಅಣ್ಣಾರ. ನಳಾ ಎಷ್ಟ ದಿನಕ್ಕ ಬರ್ತೈತಿ, ಅದನ್ನ ಹೇಳ್ರಿ." ಅಭ್ಯರ್ಥಿಯ ಹಿಂದಿದ್ದ ಹುಡುಗರು ನೆಲ ನೋಡುತ್ತಾರೆ. ಇಡೀ ಪ್ರಚಾರದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಆ ಪ್ರಶ್ನೆಗೆ ಸಂವಿಧಾನದ ಬಲವೂ ಇದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ನೀರು ಸರಬರಾಜನ್ನು ಹನ್ನೆರಡನೇ ಅನುಸೂಚಿಯಲ್ಲಿಟ್ಟು, ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಲ್ಲಿ ಒಂದಾಗಿಸಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎಂದಿತು. ನಡೆದದ್ದು ಏನು? ರಾಜ್ಯದ ಅನೇಕ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 2018ರ ಆಗಸ್ಟ್ 31ರಂದು ಮತ ಹಾಕಿದ ಜನ, ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟ್ ಮೆಟ್ಟಿಲೇರಿದ್ದರಿಂದ 2020ರ ಕೊನೆಯವರೆಗೂ ತಮ್ಮ ಸದಸ್ಯರು ಅಧಿಕಾರ ಹಿಡಿಯುವುದನ್ನು ಕಾಯಬೇಕಾಯಿತು. ಎರಡನೇ ಅವಧಿಯ ಅಧ್ಯಕ್ಷರ ಆಯ್ಕೆಗೂ ಹಾಗೆಯೇ ಆಯಿತು. ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಆ ತಿಂಗಳುಗಳಲ್ಲೆಲ್ಲ ಕುರ್ಚಿಯಲ್ಲಿ ಕೂತವರು ಆಡಳಿತಾಧಿಕಾರಿಗಳು. ಅಧಿಕಾರಿ ಎಷ್ಟೇ ಪ್ರಾಮಾಣಿಕನಿರಲಿ, ರಾತ್ರಿ ಎರಡಕ್ಕೆ ಎದ್ದ ಅಜ್ಜಿ ಅವನ ಮನೆ ಬಾಗಿಲು ಬಡಿಯಲಾರಳು. ವಾರ್ಡಿನ ಸದಸ್ಯನ ಬಾಗಿಲನ್ನು ಬಡಿಯಬಲ್ಲಳು. ಆ ಬಾಗಿಲನ್ನು ವರ್ಷಗಟ್ಟಲೆ ಮುಚ್ಚಿಡುವುದು ಅನ್ಯಾಯ.

ಕೊನೆಗೆ ಸಾಮಾನ್ಯ ಸಭೆಗೆ ಬನ್ನಿ, ಯಾವ ಊರಿನದಾದರೂ ಸರಿ. ಫ್ಯಾನಿನ ಗಾಳಿಗೆ ಅಜೆಂಡಾದ ಹಾಳೆಗಳು ಹಾರುತ್ತಿವೆ. ಹೊಸ ಟ್ಯಾಂಕಿನ ಭೂಮಿಪೂಜೆಯ ವಿಷಯಕ್ಕೆ ಹತ್ತು ಕೈ ಮೇಲೇಳುತ್ತವೆ. ಪಂಪಿನ ರಿಪೇರಿ, ಬದಲಿ ಮೋಟಾರು, ವಾಲ್ವ್‌ಮನ್‌ಗಳ ಬಾಕಿ ಸಂಬಳ, ಸೋರಿಕೆ ಪತ್ತೆ ಎಂಬ ವಿಷಯಗಳು ಬಂದಾಗ ಅರ್ಧ ಸಭೆ ಚಹಾಕ್ಕೆ ಎದ್ದಿರುತ್ತದೆ. ಟ್ಯಾಂಕಿಗೆ ಹೆಸರಿನ ಕಲ್ಲು ಕೂರಿಸಬಹುದು, ನೆಲದಡಿಯ ಜಾಯಿಂಟಿಗೆ ಕೂರಿಸಲಾಗುವುದಿಲ್ಲ. 2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0 ಯೋಜನೆ ಎಲ್ಲ ಪಟ್ಟಣಗಳ ಪ್ರತಿ ಮನೆಗೂ ನಳ ಎಂಬ ಗುರಿ ಇಟ್ಟುಕೊಂಡಿತು. ಒಳ್ಳೆಯ ಗುರಿಯೇ. ಆದರೆ ನಳ ಕೂರಿಸುವುದು ಒಂದು ದಿನದ ಕೆಲಸ. ಆ ನಳದಲ್ಲಿ ನೀರು ಬರುವಂತೆ ನೋಡಿಕೊಳ್ಳುವುದು ಮುಂದಿನ ಮೂವತ್ತು ವರ್ಷದ ಕೆಲಸ. ಅದಕ್ಕೆ ಹಣ, ಆಳು, ಲೆಕ್ಕ ಮೂರೂ ಬೇಕು. ನಾವು ಕಟ್ಟುವ ನೀರಿನ ಕರವೂ ಆ ಲೆಕ್ಕದೊಳಗೇ ಬರುತ್ತದೆ.

ಆದ್ದರಿಂದ ಮುಂದಿನ ಸಲ ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳೋಣ. ನಮ್ಮ ಓಣಿಗೆ ನೀರು ಬಿಡುವ ದಿನದ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತೀರಾ? ಪಂಪ್‌ಹೌಸಿನಲ್ಲಿ ಬದಲಿ ಮೋಟಾರು ಇದೆಯಾ? ನಮ್ಮ ನಳದ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ವಾಲ್ವ್‌ಮನ್‌ಗೆ ಸಂಬಳ ಆಗಿದೆಯಾ? ಉತ್ತರ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರಲಿ, ಕಾಯೋಣ. ತಿಳಿದುಕೊಂಡು ಬಂದವರಿಗೇ ಮತ ಹಾಕೋಣ. ಗೆದ್ದ ಮೇಲೆ ಅದೇ ಪ್ರಶ್ನೆಗಳನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯೋಣ.