ಹಿಂಡಿದ ಪುಡಿ

ಹೊರದೇಶದಲ್ಲಿ ದುಡಿಯುವ ಮಗ ತಂದಿಟ್ಟ ಎಸ್ಪ್ರೆಸೊ ಯಂತ್ರವು ನಮ್ಮ ಅಡುಗೆಮನೆಯ ಮೂಲೆಯಲ್ಲಿ ಬಹುಕಾಲ ಬಟ್ಟೆ ಹೊದ್ದು ಕುಳಿತಿತ್ತು. ಫಿಲ್ಟರಿನ ಡಿಕಾಕ್ಷನ್ನಿಗೆ ಒಗ್ಗಿದ ನನಗೆ ಅದರ ಸದ್ದೇ ಅಂಜಿಕೆ. ಆ ಹೊದಿಕೆ ತೆಗೆಸಿದವರು ನನ್ನ ಅಣ್ಣ.

ತಂದೆಯ ಮನೆಯ ಪಾಲಿನ ವಿಚಾರವಾಗಿ ನಮ್ಮಿಬ್ಬರ ನಡುವೆ ಮೂರು ವರ್ಷ ಸರಿಯಾದ ಮಾತಿರಲಿಲ್ಲ. ತಪಸ್ಸುಕಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಅವರು ತಾವಾಗಿಯೇ ನಮ್ಮ ಬಾಗಿಲಿಗೆ ಬಂದರು. ವೈದ್ಯರ ಸಲಹೆಯಂತೆ ಹಾಲು ಬಿಟ್ಟಿದ್ದೇನೆ, ಕಪ್ಪು ಕಾಫಿಯಾದರೆ ಕುಡಿಯುವೆ ಎಂದರು. ನಾನು ಗಡಿಬಿಡಿಯಲ್ಲಿ ಪುಡಿ ತುಂಬಿ ಗುಂಡಿ ಒತ್ತಿದೆ. ಹತ್ತೇ ಸೆಕೆಂಡುಗಳಲ್ಲಿ ಇಳಿದ ರಸಕ್ಕೆ ಬಿಸಿನೀರು ಸುರಿದು ಕೊಟ್ಟೆ. ಅಣ್ಣ ತುಟಿಪಿಟಕ್ಕೆನ್ನದೆ ಕುಡಿದು ಹೊರಟುಹೋದರು. ಮಿಕ್ಕದ್ದನ್ನು ನಾಲಿಗೆಗಿಟ್ಟಾಗ ತಿಳಿಯಿತು, ಅದು ಬರೀ ಹುಳಿ.

ಆ ವಾರವೆಲ್ಲ ಯಂತ್ರದ ಮುಂದೆ ಶಿಷ್ಯನಂತೆ ನಿಂತೆ. ಪುಡಿ ತರಿಯಾಗಿದ್ದರೆ ನೀರು ಸರ್ರನೆ ಹಾದುಹೋಗುತ್ತದೆ. ಹುಳಿ ಮುಂದಾಗಿ, ಸಿಹಿಯೂ ಸತ್ವವೂ ಪುಡಿಯಲ್ಲೇ ಉಳಿಯುತ್ತವೆ. ತೀರ ನುಣ್ಣಗಾದರೆ ನೀರು ತಡವರಿಸುತ್ತ ಕಹಿಯನ್ನೂ ಎಳೆದು ತರುತ್ತದೆ. 18 ಗ್ರಾಂ ಪುಡಿಯನ್ನು ಸಮನಾಗಿ ಹರಡಿ ಒತ್ತಬೇಕು. ಸುಮಾರು 93 ಡಿಗ್ರಿ ಸೆಲ್ಸಿಯಸ್ ಕಾವಿನ ನೀರು 9 ಬಾರ್ ಒತ್ತಡದಲ್ಲಿ ಹಾಯ್ದು, 25ರಿಂದ 30 ಸೆಕೆಂಡುಗಳಲ್ಲಿ 36 ಗ್ರಾಂ ರಸ ಇಳಿದರೆ ಹದ ಸಿಕ್ಕಿತೆಂದು ಲೆಕ್ಕ. ಮೊದಲೇ ಬೆಚ್ಚಗಾಗಿಸಿದ ಲೋಟದಲ್ಲಿ ನೂರು ಮಿಲಿಲೀಟರಿನಷ್ಟು ಬಿಸಿನೀರಿಟ್ಟು, ಅದರ ಮೇಲೆ ರಸವನ್ನು ಮೆಲ್ಲನೆ ಸುರಿದರೆ ಹೊಂಬಣ್ಣದ ನೊರೆ ಒಡೆಯದೆ ಉಳಿಯುತ್ತದೆ. ಇದೇ ಅಮೆರಿಕಾನೊ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಗಟ್ಟಿ ಕಾಫಿಗೆ ನೀರು ಬೆರೆಸಿ ಕುಡಿಯುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಪ್ರತೀತಿ.

ನಾನು ಮಾಡಿದ ಮತ್ತೊಂದು ತಪ್ಪನ್ನೂ ಹೇಳಬೇಕು. ನೀರು ಬೇರೆ ಬೆರೆಸುವುದೇಕೆ, ಅದೇ ಪುಡಿಯ ಮೂಲಕ ಇನ್ನಷ್ಟು ಹಾಯಿಸಿದರಾಯಿತು ಎಂದುಕೊಂಡು ಲೋಟ ತುಂಬುವವರೆಗೆ ಯಂತ್ರ ನಿಲ್ಲಿಸಲಿಲ್ಲ. ಬಂದದ್ದು ಬಾಯಿಗಿಡಲಾಗದ ಕಹಿ. ಕೊಡುವುದನ್ನೆಲ್ಲ ಕೊಟ್ಟು ಮುಗಿಸಿದ ಪುಡಿಯಲ್ಲಿ ಉಳಿದಿರುವುದು ಅಷ್ಟೇ.

ಅಂದು ಲೋಟ ಹಿಡಿದು ಬಹಳ ಹೊತ್ತು ಕುಳಿತೆ. ಮೂರು ವರ್ಷ ನಾವು ಮಾಡಿದ್ದೂ ಇದನ್ನೇ ಅಲ್ಲವೇ? ಯಾರು ಏನೆಂದರು, ಯಾರು ಮೊದಲು ಎದ್ದು ಹೋದರು ಎಂಬ ಅದೇ ಪುಡಿಯನ್ನು ಮತ್ತೆ ಮತ್ತೆ ಹಿಂಡಿದ್ದೆವು. ಬೇಕಾಗಿದ್ದದ್ದು ಆ ಜಗಳವನ್ನು ಮುಟ್ಟದ, ಬೇರೆಡೆಯಿಂದ ಬರುವ ಶುದ್ಧವಾದ ನೀರು. ಅದನ್ನು ದೇವರ ಕೃಪೆ ಎನ್ನಲು ನನಗೆ ಸಂಕೋಚವಿಲ್ಲ.

ಮುಂದಿನ ಭಾನುವಾರ ಕಾಣಿಕೆಯ ಹೊತ್ತಿನಲ್ಲಿ ಗುರುಗಳು ದ್ರಾಕ್ಷಾರಸಕ್ಕೆ ತುಸು ನೀರು ಬೆರೆಸುವುದನ್ನು ಕಣ್ತುಂಬ ನೋಡಿದೆ. ಬಲಿಪೀಠಕ್ಕೆ ಕಾಣಿಕೆ ತರುವ ಮುನ್ನ ಸಹೋದರನೊಡನೆ ಸಂಧಾನವಾಗಬೇಕೆಂಬ ಪ್ರಭುವಿನ ಬೋಧನೆ ಚುಚ್ಚಿತು. ಕಳೆದ ವಾರ ಅಣ್ಣ ಬಂದಿದ್ದರು. ಈ ವಾರ ಕರೆಯಬೇಕಾದವನು ನಾನು. ಪೂಜೆ ಮುಗಿದೊಡನೆ ದೇವಾಲಯದ ಅಂಗಳದಲ್ಲಿ ಅವರ ತೋಳು ಹಿಡಿದೆ.

ಪಾಲಿನ ಲೆಕ್ಕ ಇನ್ನೂ ಬಗೆಹರಿದಿಲ್ಲ. ಆದರೆ ಅಂದು ಅಣ್ಣ ಒಂದು ಗುಟುಕು ಕುಡಿದು, "ಹೋದ ವಾರದ್ದಕ್ಕಿಂತ ವಾಸಿ" ಎಂದು ನಕ್ಕರು. ಆ ಹುಳಿಯನ್ನು ಅವರು ಗಮನಿಸಿದ್ದರು. ಆದರೂ ಲೋಟ ಬರಿದು ಮಾಡಿದ್ದರು.