ಬಾಡಿಗೆ ಕಾರಿನಲ್ಲಿ ಲಾಸ್ ಏಂಜಲೀಸ್

'ಅಮ್ಮಾ, ಒಂದು ಸಲ ಬಂದು ಹೋಗು' ಎಂದು ಅಮೆರಿಕದಿಂದ ಮಗನೋ ಮಗಳೋ ಕರೆಯುವ ಮನೆಗಳು ಈಗ ನಮ್ಮ ಸಣ್ಣ ಊರುಗಳಲ್ಲೂ ಉಂಟು. ನೀವು ಹೋಗುವುದು ಲಾಸ್ ಏಂಜಲೀಸಿಗಾದರೆ, ಸೋದರಿಯರೇ, ಒಂದು ಮಾತು ನೆನಪಿಡಿ. ಅಲ್ಲಿ ಕಾರಿಲ್ಲದಿದ್ದರೆ ಕಿಟಕಿಯೇ ಗತಿ! ಚಪ್ಪಲಿ ಮೆಟ್ಟಿಕೊಂಡು ಪೇಟೆ ಸುತ್ತಿ ಬರೋಣವೆಂದರೆ ಊರು ಸುಮಾರು 1,200 ಚದರ ಕಿಲೋಮೀಟರ್ ಹರಡಿಕೊಂಡಿದೆ.

ಹಿಂದೆ ಹೀಗಿರಲಿಲ್ಲ. 'ಕೆಂಪು ಕಾರು' ಎಂದು ಹೆಸರಾದ ವಿದ್ಯುತ್ ರೈಲುಗಳು ಊರೂರಿಗೆ ಓಡುತ್ತಿದ್ದವು. 1940ರಲ್ಲಿ ಪ್ಯಾಸಡೀನಾ ಕಡೆಗೆ ಮೋಟಾರು ಹೆದ್ದಾರಿ ತೆರೆಯಿತು. 1961ರಲ್ಲಿ ಕೊನೆಯ ಕೆಂಪು ರೈಲೂ ನಿಂತಿತು. 1990ರಿಂದ ರೈಲು ಮತ್ತೆ ಬಂದಿದೆ, ಆದರೆ ಎಲ್ಲ ಕಡೆಗೂ ಇಲ್ಲ. ಮನೆಯ ಕಾರು ಆಫೀಸಿಗೆ ಹೋಗುತ್ತೆ ಅಂತ ನೀವು ಮನೆಯಲ್ಲೇ ಕೂರಬೇಕೇ? ಎರಡು ದಿನಕ್ಕೆ ಬಾಡಿಗೆ ಕಾರು ತೆಗೆದುಕೊಳ್ಳಿ.

ಓಡಿಸುವವರು ಇಬ್ಬರಿದ್ದರೆ ಇಬ್ಬರ ಹೆಸರೂ ಕರಾರಿನಲ್ಲಿರಲಿ. ವಿಮೆಯ ವಿವರ ಕೇಳಿ ತಿಳಿದುಕೊಳ್ಳಿ. ಕಾರಿನಲ್ಲಿ ಮೊದಲೇ ಇರುವ ಗೀಚು, ತಗ್ಗುಗಳ ಫೋಟೋ ತೆಗೆದಿಡಿ. ವಾಪಸು ಕೊಡುವ ಮೊದಲು 'ಗ್ಯಾಸ್' ತುಂಬಿಸಬೇಕು. ಗಾಬರಿ ಬೇಡ, ಅದು ನಮ್ಮ ಸಿಲಿಂಡರ್ ಅಲ್ಲ, ಪೆಟ್ರೋಲಿಗೆ ಅವರಿಟ್ಟ ಹೆಸರು! ಅಭ್ಯಾಸಬಲದಿಂದ ಮುಂದಿನ ಎಡಬಾಗಿಲು ತೆಗೆದರೆ ಸ್ಟೇರಿಂಗ್ ಎದುರಾಗುತ್ತೆ. ನಿಮ್ಮ ಜಾಗ ಬಲಕ್ಕೆ. ಕೆಂಪು ಬಣ್ಣ ಬಳಿದ ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸಕೂಡದು. ರಸ್ತೆ ಗುಡಿಸುವ ದಿನದ ಬೋರ್ಡನ್ನೂ ಓದಿಯೇ ಇಳಿಯಿರಿ, ಇಲ್ಲಾಂದ್ರೆ ದಂಡ.

ದಿನಕ್ಕೊಂದು ದಿಕ್ಕು ಸಾಕು. ಒಂದು ದಿನ ಗುಡ್ಡದ ಮೇಲಿನ ಗ್ರಿಫಿತ್ ವೀಕ್ಷಣಾಲಯಕ್ಕೆ ಹೋಗಿ. 1935ರಲ್ಲಿ ತೆರೆದದ್ದು; ಒಳಗೆ ಹೋಗಲು ಕಾಸಿಲ್ಲ, ಸೋಮವಾರ ರಜೆ. 'ಹಾಲಿವುಡ್' ಅಕ್ಷರಗಳು ಅಲ್ಲಿಂದಲೇ ಕಾಣುತ್ತವೆ. ಇನ್ನೊಂದು ದಿನ ಪಶ್ಚಿಮಕ್ಕೆ: ಕಡಲು ನೋಡಿ, ಬೆಟ್ಟದ ದಾರಿ ಹಿಡಿದರೆ ಕ್ಯಾಲಬಾಸಸ್‌ನಲ್ಲಿ ನಮ್ಮ ವೆಂಕಟೇಶ್ವರನ ಬಿಳಿ ಗೋಪುರ ಕಾಣುತ್ತದೆ.

ಇಷ್ಟನ್ನು ಮಕ್ಕಳೇ ತೋರಿಸಿಯಾರು. ನೀವಾಗಿ ಕೇಳಬೇಕಾದದ್ದು ದಕ್ಷಿಣ ದಿಕ್ಕಿನ ವಾಟ್ಸ್ ಬಡಾವಣೆಯ ಗೋಪುರಗಳು. ಇಟಲಿಯಿಂದ ಬಂದ ಕೂಲಿಗಾರ ಸೈಮನ್ ರೋಡಿಯಾ, 1921ರಿಂದ 1954ರವರೆಗೆ, ಒಬ್ಬನೇ ಅವನ್ನು ಕಟ್ಟಿದ. ಕಬ್ಬಿಣಕ್ಕೆ ಸಿಮೆಂಟು ಮೆತ್ತಿ, ಅದರಲ್ಲಿ ಒಡೆದ ತಟ್ಟೆ, ಬಟ್ಟಲು, ಹೆಂಚಿನ ಚೂರು, ಬಾಟಲಿ, ಕಪ್ಪೆಚಿಪ್ಪು ಕೂರಿಸಿದ. ಎತ್ತರದ್ದು ನೂರಡಿಗೆ ಸ್ವಲ್ಪ ಕಡಿಮೆ. ಅಪಾಯವೆಂದು ನಗರಾಡಳಿತ ಕೆಡವಲು ಹೊರಟಾಗ ಜನ ಬಿಡಲಿಲ್ಲ. 1959ರಲ್ಲಿ ಯಂತ್ರದಿಂದ ಎಳೆದು ಪರೀಕ್ಷೆ ಮಾಡಿದರು, ಗೋಪುರ ಜಗ್ಗಲಿಲ್ಲ! ನಾವು ಒಡೆದ ಬಟ್ಟಲನ್ನು ಗುಡಿಸಿ ಹಿತ್ತಲಿಗೆ ಸುರಿಯುತ್ತೇವಲ್ಲ, ಅಂಥ ಚೂರುಗಳೇ ಅಲ್ಲಿ ಬಿಸಿಲಿಗೆ ಮಿನುಗುತ್ತವೆ. ಬೇಲಿಯ ಹೊರಗಿಂದಲೂ ಚೆನ್ನಾಗಿ ಕಾಣುತ್ತವೆ.

'ಅಷ್ಟು ದೂರ ಯಾಕಮ್ಮ?' ಅಂದಾರು, ಸಂಕೋಚಪಡಬೇಡಿ. ದಾರಿಯನ್ನು ಫೋನು ಹೇಳುತ್ತೆ. ಎಲ್ಲಿಗೆ ಅನ್ನುವುದನ್ನು ನೀವೇ ಹೇಳಿ.